ಒಡೆಯದ ಹಾರ: ಔರಾದ ಶಹಾಜನಿಯ ಒಂದು ಪಾಟಿಯ ಮೇಲೆ

ಔರಾದ ಎಂಬ ಹೆಸರಿನ ಊರು ಆ ಸೀಮೆಯಲ್ಲಿ ಎರಡಿವೆ. ಒಂದು ಬೀದರ ಜಿಲ್ಲೆಯ ತಾಲೂಕು ಕೇಂದ್ರ. ಇನ್ನೊಂದು ಗಡಿಯಿಂದಾಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ನಿಲಂಗಾ ತಾಲೂಕಿಗೆ ಸೇರಿದ ಔರಾದ ಶಹಾಜನಿ. ಬಸ್ಸಿನಲ್ಲಿ ಬರಿಯ ‘ಔರಾದ’ ಎಂದರೆ ಸಾಲದು ಎಂಬುದನ್ನು ನಾವು ಭಾಲ್ಕಿಯ ನಿಲ್ದಾಣದಲ್ಲಿ ಒಂದು ಗಂಟೆ ಕಳೆದುಕೊಂಡು ಕಲಿತೆವು.

ಈ ಊರು ನಮಗೆ ದೂರವಾದರೂ ಅದರ ಚರಿತ್ರೆ ನಮಗೆ ಹೊಸತಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ ಹೈದರಾಬಾದು ರಾಜ್ಯದ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದುವು. ಆ ವ್ಯಾಜ್ಯವನ್ನು ಇಲ್ಲಿ ಎತ್ತುವ ಇರಾದೆ ನಮಗಿಲ್ಲ. ಹೇಳಹೊರಟಿರುವುದು ಒಂದು ಲೆಕ್ಕದ ಸಂಗತಿ. ಆದರೆ ಆ ಲೆಕ್ಕ ನಮ್ಮ ಕಣ್ಣಿಗೆ ಬಿದ್ದದ್ದು ಅಂಥದೊಂದು ಗಡಿಮನೆಯ ಜಗಲಿಯಲ್ಲಿ.

ಮನೆ ನಮ್ಮ ಪರಿಚಯದ ಅಧ್ಯಾಪಕರೊಬ್ಬರದು. ಒಳಗೆ ಮಾತು ಕನ್ನಡ, ಅಂಗಳ ದಾಟಿದರೆ ಮರಾಠಿ. ಮಕ್ಕಳಿಬ್ಬರು: ಎಂಟನೆಯ ತರಗತಿಯ ಹುಡುಗಿ, ಎರಡನೆಯ ತರಗತಿಯ ಹುಡುಗ, ಇಬ್ಬರೂ ಮರಾಠಿ ಶಾಲೆಗೆ ಹೋಗುವವರು. ಹುಡುಗ ಒಂದು ತಪ್ಪನ್ನು ಬಿಡದೆ ಮಾಡುತ್ತಿದ್ದ. ‘ಸದತೀಸ’ ಬರೆ ಎಂದರೆ 37ರ ಬದಲು 73 ಬರೆಯುತ್ತಿದ್ದ. ಮರಾಠಿಯಲ್ಲಿ ಏಳು ಮೊದಲು, ಮೂವತ್ತು ಆಮೇಲೆ. ಕಿವಿಗೆ ಬಿದ್ದ ಕ್ರಮದಲ್ಲಿಯೇ ಮಗು ಬರೆಯುತ್ತದೆ. ಮನೆಯಲ್ಲಿ ಕೊಂಕಣಿ ಆಡುವ ನಮ್ಮ ವಾಚಕರಿಗೆ ಈ ತೊಡಕು ಗೊತ್ತಿರಬೇಕು. ಕನ್ನಡ, ಮಲಯಾಳ, ತುಳು ಮೂರರಲ್ಲಿಯೂ ಮೂವತ್ತೇ ಮೊದಲು ಬರುವುದರಿಂದ ಉಳಿದವರಿಗೆ ಅದರ ಅನುಭವವಿಲ್ಲ.

ಆ ಮನೆಯಲ್ಲಿ ತಪ್ಪು ಯಾರ ತಲೆಗೆ ಬಂತೆಂದರೆ ಅಜ್ಜಿಯ ತಲೆಗೆ. ಆಕೆ ಜೋಳ ಅಳೆಯುವಾಗ, ರೊಟ್ಟಿ ಎಣಿಸುವಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕನ್ನಡದಲ್ಲಿ ಎಣಿಸುತ್ತಿದ್ದರು. “ಅವ್ವಾ, ಅವನ್ಗ ಕನ್ನಡದಾಗ ಎಣ್ಸಲಿಕ್ಕ ಕಲಸಬ್ಯಾಡ. ಸಾಲ್ಯಾಗ ಗೊಂದಲ ಆಗ್ತದ,” ಎಂದು ಮಗ ಹೇಳಿದ ಮೇಲೆ ಎಣಿಸುವುದನ್ನು ನಿಲ್ಲಿಸಲಿಲ್ಲ, ದನಿಯನ್ನು ಮಾತ್ರ ನಿಲ್ಲಿಸಿದರು. ನಾವು ಕಂಡಾಗ ತುಟಿ ಅಲುಗುತ್ತಿತ್ತು, ಶಬ್ದವಿರಲಿಲ್ಲ.

ಮಗನ ಅಂಜಿಕೆಯನ್ನು ನಾವು ಹಳಿಯಲಾರೆವು. ಮಗು ಹಿಂದೆ ಬಿದ್ದೀತೆಂಬ ಭಯ ಗಡಿನಾಡಿನ ತಂದೆತಾಯಿಗಳಿಗೆಲ್ಲ ಇದೆ; ನಮ್ಮಲ್ಲಿಯೂ ಇದೆ. ಆದರೆ ಈ ತಪ್ಪಿಗೆ ಅಜ್ಜಿ ಕಾರಣವಲ್ಲ. ಮನೆಯಲ್ಲಿ ಮರಾಠಿಯನ್ನೇ ಆಡುವ ಮಕ್ಕಳೂ ಇದನ್ನು ಮಾಡುತ್ತಾರೆ. 2019ರಲ್ಲಿ ಮಹಾರಾಷ್ಟ್ರದ ಎರಡನೆಯ ತರಗತಿಯ ಲೆಕ್ಕದ ಪುಸ್ತಕದಲ್ಲಿ ‘ಏಕವೀಸ’ ಎಂಬುದರ ಜೊತೆಗೆ ‘ವೀಸ ಏಕ’ ಎಂದು ಹತ್ತನ್ನು ಮೊದಲು ಹೇಳುವ ರೀತಿಯನ್ನೂ ಕೊಟ್ಟದ್ದು ಈ ಕಾರಣಕ್ಕಾಗಿಯೇ. ಅದರಿಂದ ರಾಜ್ಯದಲ್ಲಿ ಎದ್ದ ಗದ್ದಲ ಸಣ್ಣದಲ್ಲ. ಅಂದರೆ ನಮ್ಮ ಅಜ್ಜಿ ತಮ್ಮಷ್ಟಕ್ಕೆ ಹೇಳುತ್ತಿದ್ದ ‘ಮೂವತ್ತೇಳು’ ಎಂಬ ಕ್ರಮವನ್ನೇ ಪಠ್ಯಪುಸ್ತಕದವರು ಮದ್ದಾಗಿ ಆರಿಸಿಕೊಂಡಿದ್ದರು!

ಇದನ್ನು ಅಧ್ಯಾಪಕರಿಗೆ ಹೇಳುತ್ತಿರುವಾಗ ಹುಡುಗಿ ಮಧ್ಯೆ ಬಾಯಿ ಹಾಕಿದಳು. 37 ಮತ್ತು 73 ಎರಡೂ ‘ಮೂಳ ಸಂಖ್ಯಾ’ ಎಂದಳು. ನಾವು ಅವಿಭಾಜ್ಯ ಸಂಖ್ಯೆ ಎನ್ನುವುದಕ್ಕೆ ಮರಾಠಿಯ ಹೆಸರು ಅದು. ಮಲಯಾಳದವರು ಅಭಾಜ್ಯ ಸಂಖ್ಯೆ ಎನ್ನುತ್ತಾರೆ. ಒಂದರಿಂದ ಮತ್ತು ತನ್ನಿಂದಲೇ ಹೊರತು ಇನ್ನಾವುದರಿಂದಲೂ ನಿಶ್ಶೇಷವಾಗಿ ಭಾಗ ಹೋಗದ ಸಂಖ್ಯೆ: 2, 3, 5, 7, 11, 13 ಹೀಗೆ. ಈ ಸಾಲಿನಲ್ಲಿ ಎಣಿಸುತ್ತ ಹೋದರೆ 37 ಹನ್ನೆರಡನೆಯದು, 73 ಇಪ್ಪತ್ತೊಂದನೆಯದು. 37ನ್ನು ತಿರುಗಿಸಿದರೆ 73, 12ನ್ನು ತಿರುಗಿಸಿದರೆ 21. ತಮ್ಮ ತಪ್ಪು ಮಾಡಿದರೂ ಚೆಂದದ ತಪ್ಪನ್ನೇ ಮಾಡಿದ್ದ.

ಆಮೇಲೆ ಆಕೆ ಕೇಳಿದ ಪ್ರಶ್ನೆಗೆ ನಾವು ಸಿದ್ಧರಿರಲಿಲ್ಲ. “ಕಾಕಾ, ನಾಕು ಕೋಟಿ ಅಂಕಿದ್ದ ಮೂಳ ಸಂಖ್ಯಾ ಸಿಕ್ಕದಂತ್ರಿ. ಅದು ಒಡ್ಯಂಗಿಲ್ಲ ಅಂತ ಹ್ಯಾಂಗ ತಿಳೀತ್ರಿ?”

ಹುಡುಗಿ ಕೇಳಿದ್ದು 2024ರ ಅಕ್ಟೋಬರದಲ್ಲಿ ಸಿಕ್ಕ ಸಂಖ್ಯೆಯನ್ನು ಕುರಿತು. ಎರಡನ್ನು ಎರಡರಿಂದ ಗುಣಿಸುತ್ತ 136279841 ಎರಡುಗಳ ಗುಣಲಬ್ಧ ತೆಗೆದು, ಅದರಿಂದ ಒಂದನ್ನು ಕಳೆದರೆ ಬರುವ ಸಂಖ್ಯೆ ಅದು. ಅದರಲ್ಲಿರುವ ಅಂಕಿಗಳು 4,10,24,320. ಒಂದು ಪುಟಕ್ಕೆ 20,000 ಅಂಕಿಗಳಂತೆ ಜೋಡಿಸಿದರೆ 2051 ಪುಟ ತುಂಬಿ ಮತ್ತೂ ಮಿಕ್ಕೀತು. ನಾಲ್ಕು ಪುಟದ ದಿನಪತ್ರಿಕೆಯೊಂದು ಸುದ್ದಿ, ಜಾಹೀರಾತು, ಮರಣವಾರ್ತೆ ಎಲ್ಲವನ್ನೂ ಬಿಟ್ಟು ಒಂದು ವರ್ಷ ಐದು ತಿಂಗಳ ಕಾಲ ಬರಿಯ ಅಂಕಿಗಳನ್ನೇ ಅಚ್ಚು ಹಾಕಬೇಕಾಗುತ್ತಿತ್ತು. ಕರಡು ತಿದ್ದುವವರ ಗತಿಯನ್ನು ವಾಚಕರೇ ಊಹಿಸಲಿ.

ಈ ಪ್ರಶ್ನೆಗೆ ಉತ್ತರ ಹೇಳಲು ನಾವು ಹಿಡಿದ ದಾರಿ ಸ್ವಲ್ಪ ಬಳಸಿನದು. ಆದರೆ ಅದು ಆ ಮನೆಯ ಬಾಗಿಲಿನಿಂದಲೇ ಹೊರಡುತ್ತದೆ.

ಔರಾದ ಶಹಾಜನಿ ಇರುವ ಜಿಲ್ಲೆ ಲಾತೂರು. ರಾಷ್ಟ್ರಕೂಟ ಅರಸರು ತಮ್ಮ ಶಾಸನಗಳಲ್ಲಿ ತಮ್ಮನ್ನು ‘ಲತ್ತಲೂರು’ ಪುರದ ಒಡೆಯರೆಂದು ಕರೆದುಕೊಂಡಿದ್ದಾರೆ. ಆ ಲತ್ತಲೂರು ಇಂದಿನ ಲಾತೂರೇ ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಅವರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಔರಾದದಿಂದ ದಕ್ಷಿಣಕ್ಕೆ ಬಸವಕಲ್ಯಾಣ, ಕಲಬುರಗಿಗಳನ್ನು ದಾಟಿ ಹೋದರೆ ಸೇಡಂ ತಾಲೂಕಿನಲ್ಲಿದೆ. ಆ ವಂಶದ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ ಕವಿರಾಜಮಾರ್ಗ ಹುಟ್ಟಿತೆಂಬುದು ಕನ್ನಡ ಓದಿದ ಮಕ್ಕಳಿಗೆಲ್ಲ ಗೊತ್ತು. ಅದೇ ಅರಸನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಜೈನ ಪಂಡಿತ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಬರೆದನೆಂಬುದು ಅಷ್ಟಾಗಿ ಗೊತ್ತಿಲ್ಲ. ಗ್ರಂಥ ಸಂಸ್ಕೃತದಲ್ಲಿದೆ, ಆರಂಭದಲ್ಲಿಯೇ ಅಮೋಘವರ್ಷನ ಸ್ತುತಿಯಿದೆ. ಬರಿಯ ಲೆಕ್ಕವನ್ನೇ ವಿಷಯವಾಗಿ ಉಳ್ಳ, ಜ್ಯೋತಿಷದ ಬಾಲವಲ್ಲದ ಗ್ರಂಥ. ಇಂಥ ಲೆಕ್ಕಕ್ಕೆ ಪಾಟಿಗಣಿತವೆಂದು ಹೆಸರು. ಪಾಟಿ ಎಂದರೆ ಹಲಗೆ. ಔರಾದದ ಹುಡುಗ 73 ಬರೆದದ್ದೂ ಪಾಟಿಯ ಮೇಲೆಯೇ. ನಾವು ಸ್ಲೇಟು ಎನ್ನುವುದನ್ನು ಅಲ್ಲಿ ಇಂದಿಗೂ ಪಾಟಿ ಎನ್ನುತ್ತಾರೆ.

ಇನ್ನು ಈ ಗ್ರಂಥಕ್ಕೂ ನಮಗೂ ಇರುವ ನಂಟನ್ನೂ ಹೇಳಿಬಿಡಬೇಕು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಹಸ್ತಪ್ರತಿಗಳನ್ನು ಕೂಡಿಸಿ, ಶುದ್ಧಪಾಠ ಮಾಡಿ, ಇಂಗ್ಲಿಷ್ ಅನುವಾದದೊಂದಿಗೆ ಇದನ್ನು 1912ರಲ್ಲಿ ಪ್ರಕಟಿಸಿದರು. ಅವರಿಗೆ ಒದಗಿದ ಪ್ರತಿಗಳಲ್ಲೊಂದು ಮೂಡಬಿದಿರೆಯಲ್ಲಿದ್ದ ಕನ್ನಡ ಲಿಪಿಯ ಓಲೆಗ್ರಂಥದ ನಕಲು. ಅಂದಿಗೆ ಮೂಡಬಿದಿರೆಯೂ ಕಾಸರಗೋಡೂ ಒಂದೇ ಜಿಲ್ಲೆ. ಮಳಖೇಡದ ಲೆಕ್ಕವನ್ನು ಸಾವಿರ ವರ್ಷ ಹುಳ ಹಿಡಿಯದಂತೆ ಕಾಪಾಡಿದವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ಕನ್ನಡದಲ್ಲಿಯೇ ಲೆಕ್ಕ ಬರೆದ ರಾಜಾದಿತ್ಯ ಬಂದದ್ದು ಹನ್ನೆರಡನೆಯ ಶತಮಾನದಲ್ಲಿ. ಆತನ ‘ವ್ಯವಹಾರಗಣಿತ’ದ ಮಾತು ಬೇರೆ ದಿನಕ್ಕಿರಲಿ.

ಮಹಾವೀರಾಚಾರ್ಯನು ಗುಣಾಕಾರವನ್ನು ಕಲಿಸುವಾಗ ಒಂದು ಆಟ ಕಟ್ಟಿದ್ದಾನೆ. ಇಂಥ ಸಂಖ್ಯೆಯನ್ನು ಇಂಥದರಿಂದ ಗುಣಿಸು, ಬಂದದ್ದನ್ನು ಕೊರಳ ಹಾರವೆಂದು ಹೇಳು ಎನ್ನುತ್ತಾನೆ. 142857143ನ್ನು 7ರಿಂದ ಗುಣಿಸಿದರೆ 1000000001. ಅದು ಅರಸನ ಹಾರವಂತೆ. ಎರಡು ತುದಿಗೆ ಎರಡು ರತ್ನ, ನಡುವೆ ಎಂಟು ಮುತ್ತು. 14287143ನ್ನು 7ರಿಂದ ಗುಣಿಸಿದರೆ 100010001. 139ನ್ನು 109ರಿಂದ ಗುಣಿಸಿದರೆ 15151. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಎಲ್ಲವೂ ಒಂದೇ. ವಾಚಕರು ಕಾಗದ ಪೆನ್ಸಿಲು ಹಿಡಿದು ಒಂದನ್ನಾದರೂ ಮಾಡಿ ನೋಡಬೇಕು. ಕೊನೆಯ ಸಾಲು ಕೂಡಿಸುವಾಗ ಆಗುವ ಖುಷಿಯನ್ನು ನಾವು ಬರೆದು ತಿಳಿಸಲಾರೆವು.

ಈ ಹಾರಗಳ ನಡುವೆ ನಮ್ಮ ಹುಡುಗನ ಎರಡು ಸಂಖ್ಯೆಗಳೂ ಕೂತಿವೆ. 37037037ನ್ನು 3ರಿಂದ ಗುಣಿಸು ಎಂದು ಒಂದು ಲೆಕ್ಕ: ಬರುವುದು 111111111, ಒಂಬತ್ತು ಒಂದುಗಳು. 152207ನ್ನು 73ರಿಂದ ಗುಣಿಸು ಎಂದು ಇನ್ನೊಂದು: ಬರುವುದು 11111111, ಎಂಟು ಒಂದುಗಳು. ಅದರಲ್ಲಿಯೂ ಮಹಾವೀರನು 152207 ಎಂದು ನೇರವಾಗಿ ಹೇಳುವುದಿಲ್ಲ. ಏಳು, ಸೊನ್ನೆ, ಎರಡು, ಎರಡು, ಐದು, ಒಂದು ಎಂದು ಬಿಡಿಸ್ಥಾನದಿಂದ ಮೇಲಕ್ಕೆ ಹೇಳುತ್ತಾನೆ. ಸಂಸ್ಕೃತದ ಲೆಕ್ಕಿಗರ ಪದ್ಧತಿ ಅದು. ಮರಾಠಿಯ ‘ಸದತೀಸ’ದಲ್ಲಿಯೂ ಬಿಡಿಯೇ ಮೊದಲು. ಹೇಳುವ ಕ್ರಮ ಒಂದು, ಬರೆಯುವ ಕ್ರಮ ಇನ್ನೊಂದು ಎಂಬ ಗೋಜು ಸಾವಿರದ ಇನ್ನೂರು ವರ್ಷಗಳ ಹಿಂದಿನ ಶಿಷ್ಯರಿಗೂ ಇತ್ತು. ಹಾರ ಸಿದ್ಧವಾದ ಮೇಲೆ ಮಾತ್ರ ಯಾವ ತುದಿಯಿಂದ ಹಿಡಿದರೂ ಸರಿ.

ನಾವು ಇಷ್ಟು ಹೇಳುವಷ್ಟರಲ್ಲಿ ಅಜ್ಜಿ ತಮ್ಮ ಕೊರಳಿನ ಗುಂಡಿನ ಸರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿಕೊಳ್ಳುತ್ತಿದ್ದರು.

ಮಹಾವೀರನು ಕೊಟ್ಟ ಹಾರಗಳೆಲ್ಲ ಗುಣಿಸಿ ಕಟ್ಟಿದವು. ಗುಣಿಸಿ ಕಟ್ಟಿದ್ದು ಒಡೆಯಲೇಬೇಕು. ಹಾಗಾದರೆ ಒಡೆಯದ ಹಾರವೂ ಇದೆಯೇ? ಬರಿಯ ಒಂದುಗಳಿಂದಲೇ ಪೋಣಿಸಿ, ಯಾವುದರಿಂದಲೂ ಭಾಗ ಹೋಗದಂಥದು?

ಎರಡು ಮಣಿಯದು ಒಡೆಯುವುದಿಲ್ಲ: 11. ಮೂರು ಮಣಿಯದು ಒಡೆಯುತ್ತದೆ: 111 ಎಂದರೆ 3 ಸಲ 37. ನಾಲ್ಕರದು ಒಡೆಯುವುದೆಂದು ಭಾಗಿಸದೆಯೇ ಹೇಳಬಹುದು, ಏಕೆಂದರೆ ಅದು 11ರ ಎರಡು ತುಂಡುಗಳ ಜೋಡಣೆ. ಹೀಗೆಯೇ ಆರರದು 111ರ ಎರಡು ತುಂಡು, ಎಂಟರದು 1111ರ ಎರಡು ತುಂಡು. ಮಣಿಗಳನ್ನು ಸಮನಾದ ತುಂಡುಗಳಾಗಿ ಹಂಚಬಹುದಾದರೆ ಹಾರವೂ ಹಂಚಿಹೋಗುತ್ತದೆ. ಆದುದರಿಂದ ಒಡೆಯದ ಹಾರ ಬೇಕಾದರೆ ಮಣಿಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. ಆದರೆ ಅಷ್ಟೇ ಸಾಲದು: ಐದು ಮಣಿಯದು 41 ಮತ್ತು 271 ಆಗಿ ಒಡೆಯಿತು, ಏಳರದು 239 ಮತ್ತು 4649 ಆಗಿ. ಹನ್ನೊಂದು, ಹದಿಮೂರು, ಹದಿನೇಳು, ಎಲ್ಲವೂ ಒಡೆದುವು. ಎರಡರ ನಂತರದ ಒಡೆಯದ ಹಾರ ಹತ್ತೊಂಬತ್ತು ಮಣಿಯದು, 1111111111111111111. ಅದು ಅವಿಭಾಜ್ಯವೆಂದು ನ್ಯೂಯಾರ್ಕಿನ ಹೋಪೆ ಎಂಬವರು ತೋರಿಸಿದ್ದು 1918ರಲ್ಲಿ. ಅದರ ಮೇಲೆ 23 ಮಣಿಯದು, ಆಮೇಲೆ ಒಮ್ಮೆಲೇ 317, 1031. ಅಲ್ಲಿಂದ ಮುಂದೆ 2023ರವರೆಗೆ ಸಾಧಿತವಾದವು 49081 ಮಣಿಯದು 2022ರಲ್ಲಿ, 86453 ಮಣಿಯದು 2023ರಲ್ಲಿ. ಇಂಥ ಹಾರಗಳಿಗೆ ಕೊನೆಯಿದೆಯೇ ಎಂಬುದನ್ನು ಈವರೆಗೆ ಯಾರೂ ಸಾಧಿಸಿ ತೋರಿಸಿಲ್ಲ. ಒಟ್ಟಾರೆ ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲವೆಂದು ಮಾತ್ರ ಗ್ರೀಕರ ಯೂಕ್ಲಿಡನು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ತೋರಿಸಿಟ್ಟಿದ್ದಾನೆ.

ಈಗ ನಾಲ್ಕು ಕೋಟಿ ಅಂಕಿಗಳ ಸಂಖ್ಯೆಗೆ ಬರೋಣ. ಅದೂ ಒಂದುಗಳ ಹಾರವೇ. ಆದರೆ ನಾವು ಬರೆಯುವ ರೀತಿಯಲ್ಲಲ್ಲ. ಹಳೆಯ ಅಂಗಡಿಗಳ ತಕ್ಕಡಿಯನ್ನು ನೆನೆಸಿಕೊಳ್ಳಿ. 1, 2, 4, 8, 16 ಸೇರಿನ ಐದು ತೂಕದ ಕಲ್ಲುಗಳಿವೆ, ಒಂದೊಂದೇ ಇವೆ ಎಂದಿಟ್ಟುಕೊಳ್ಳಿ. ಇವುಗಳಲ್ಲಿ ಬೇಕಾದುವನ್ನು ಇಟ್ಟು, ಬೇಡವಾದುವನ್ನು ಬಿಟ್ಟು ಒಂದು ಸೇರಿನಿಂದ ಮೂವತ್ತೊಂದು ಸೇರಿನವರೆಗೆ ಯಾವ ತೂಕವನ್ನಾದರೂ ತೂಗಬಹುದು. ಕಲ್ಲು ಇಟ್ಟಲ್ಲಿ 1, ಬಿಟ್ಟಲ್ಲಿ 0 ಎಂದು ಬರೆದರೆ ಅದೇ ಎರಡರ ಎಣಿಕೆ. ಗಣಕಯಂತ್ರಗಳು ಎಣಿಸುವುದು ಹೀಗೆಯೇ. ಐದೂ ಕಲ್ಲುಗಳನ್ನು ಇಟ್ಟರೆ 11111. ನಮ್ಮ ಲೆಕ್ಕಕ್ಕೆ ಅದು 31. ಅವಿಭಾಜ್ಯ. ಎರಡು ಕಲ್ಲಿಗೆ 3, ಮೂರಕ್ಕೆ 7, ಏಳಕ್ಕೆ 127, ಇವೂ ಒಡೆಯುವುದಿಲ್ಲ. ಹನ್ನೊಂದು ಕಲ್ಲಿಗೆ 2047. ಅದು 23 ಮತ್ತು 89 ಆಗಿ ಒಡೆಯಿತು. ಹತ್ತರ ಎಣಿಕೆಯಲ್ಲಿದ್ದ ಹಟವೇ ಇಲ್ಲಿಯೂ ಇದೆ. 2024ರಲ್ಲಿ ಸಿಕ್ಕದ್ದು 136279841 ಕಲ್ಲುಗಳನ್ನೂ ಒಟ್ಟಿಗೆ ತಕ್ಕಡಿಗೆ ಏರಿಸಿದ ತೂಕ. ಹದಿಮೂರು ಕೋಟಿಗೂ ಮೇಲ್ಪಟ್ಟು ಒಂದುಗಳನ್ನು ಪೋಣಿಸಿದ, ಒಡೆಯದ ಹಾರ.

ಇಂಥ ಸಂಖ್ಯೆಗಳಿಗೆ ಮೆರ್ಸೆನ್ನನ ಹೆಸರಿದೆ. ಆತ ಫ್ರಾನ್ಸಿನ ಸನ್ಯಾಸಿ. 1644ರಲ್ಲಿ ಒಂದು ಪಟ್ಟಿ ಕೊಟ್ಟ, ಅದರಲ್ಲಿ ತಪ್ಪುಗಳಿದ್ದುವು. 67 ಕಲ್ಲಿನದು ಒಡೆಯುವುದಿಲ್ಲ ಎಂದಿದ್ದ. 1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞ ಅದು ಒಡೆಯುತ್ತದೆ ಎಂದು ಸಿದ್ಧಪಡಿಸಿದ. ಆದರೆ ಎಲ್ಲಿ ಒಡೆಯುತ್ತದೆ ಎಂಬುದು ಅವನಿಗೂ ಸಿಗಲಿಲ್ಲ. 1903ರ ಅಕ್ಟೋಬರದಲ್ಲಿ ಕೋಲ್ ಎಂಬ ಅಮೆರಿಕದ ಪ್ರಾಧ್ಯಾಪಕರು ಸಭೆಯೊಂದರಲ್ಲಿ ಕರಿಹಲಗೆಯ ಮುಂದೆ ನಿಂತು, ಒಂದು ಮಾತೂ ಆಡದೆ, ಒಂದು ಕಡೆ ಆ ಸಂಖ್ಯೆಯನ್ನು ಬಿಡಿಸಿ 147573952589676412927 ಎಂದು ಬರೆದು, ಇನ್ನೊಂದು ಕಡೆ 193707721ನ್ನು 761838257287ರಿಂದ ಗುಣಿಸಿ ಅದೇ ಸಂಖ್ಯೆಯನ್ನು ತಂದು, ಹೋಗಿ ಕುಳಿತರೆಂದು ಪ್ರತೀತಿ. ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದುವೆಂದೂ ಹೇಳುತ್ತಾರೆ. ಮೌನವಾಗಿ ಲೆಕ್ಕ ಮಾಡುವುದರಲ್ಲಿ ನಮ್ಮ ಅಜ್ಜಿಗೆ ಒಬ್ಬ ಜೊತೆಗಾರ ಸಿಕ್ಕಿದನೆನ್ನಬೇಕು.

ಎಲ್ಲಿ ಒಡೆಯುತ್ತದೆ ಎಂದು ತಿಳಿಯದೆ ಒಡೆಯುತ್ತದೆ ಎಂದು ಹೇಳುವುದು ಹೇಗೆ? ಇಲ್ಲಿಯೇ ಹುಡುಗಿಯ ಪ್ರಶ್ನೆಗೆ ಉತ್ತರವಿರುವುದು. ನಾಲ್ಕು ಕೋಟಿ ಅಂಕಿಗಳ ಸಂಖ್ಯೆಯನ್ನು 3ರಿಂದ, 5ರಿಂದ, 7ರಿಂದ ಎಂದು ಒಂದೊಂದಾಗಿ ಭಾಗಿಸುತ್ತ ಕೂತರೆ ಸೂರ್ಯ ಆರಿಹೋದರೂ ಮುಗಿಯದು. ಲ್ಯೂಕಾ ಕಂಡುಹಿಡಿದು, 1930ರಲ್ಲಿ ಲೆಹ್ಮರ್ ಸರಳಗೊಳಿಸಿದ ಪರೀಕ್ಷೆ ಬೇರೆಯೇ ಜಾತಿಯದು. 4ರಿಂದ ಆರಂಭಿಸಬೇಕು. ಅದನ್ನು ಅದರಿಂದಲೇ ಗುಣಿಸಿ 2 ಕಳೆಯಬೇಕು. ಬಂದದ್ದು ಪರೀಕ್ಷಿಸಬೇಕಾದ ಸಂಖ್ಯೆಗಿಂತ ದೊಡ್ಡದಾದರೆ ಅದರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳಬೇಕು. ಮತ್ತೆ ಅದೇ ಕೆಲಸ. ಕಲ್ಲುಗಳ ಎಣಿಕೆಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆ ಬಂದರೆ ಆ ಸಂಖ್ಯೆ ಅವಿಭಾಜ್ಯ. ಬೇರೇನು ಬಂದರೂ ಅಲ್ಲ. ಈ ನಿಯಮ ಬೆಸ ಅವಿಭಾಜ್ಯವಾದ ಎಣಿಕೆಯ ಕಲ್ಲುಗಳಿಗೆಲ್ಲ ಸಲ್ಲುತ್ತದೆ.

ಹುಡುಗಿ ತಮ್ಮನ ಪಾಟಿ ಎಳೆದುಕೊಂಡಳು. ಐದು ಕಲ್ಲಿನ 31ಕ್ಕೆ ಮೂರು ಸಲ ಮಾಡಬೇಕು. ನಾಲ್ಕು ನಾಲ್ಕಲೆ ಹದಿನಾರು, ಎರಡು ಕಳೆದರೆ 14. ಹದಿನಾಲ್ಕು ಹದಿನಾಲ್ಕಲೆ 196, ಎರಡು ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. ಎಂಟು ಎಂಟಲೆ 64, ಎರಡು ಕಳೆದರೆ 62. ಅದು 31ರ ಎರಡರಷ್ಟು, ಶೇಷ ಸೊನ್ನೆ. “ಬಂತ್ರಿ!” ಎಂದಳು. ಆಮೇಲೆ ಹನ್ನೊಂದು ಕಲ್ಲಿನ 2047ನ್ನು ನಾವೇ ಮಾಡಿ ತೋರಿಸಿದೆವು. ಒಂಬತ್ತು ಸಲ ಆದ ಮೇಲೆ ಉಳಿದ ಶೇಷ 1736. ಸೊನ್ನೆಯಲ್ಲ, ಆದುದರಿಂದ ಒಡೆಯುತ್ತದೆ. 23, 89ರ ಹೆಸರೂ ಎಲ್ಲಿಯೂ ಬರಲಿಲ್ಲ. ಹುಡುಗಿಗೆ ಇದು ಮೋಸದಂತೆ ಕಂಡಿತು. ನಮಗೂ ಮೊದಲ ಸಲ ಹಾಗೆಯೇ ಕಂಡಿತ್ತು.

2024ರ ಸಂಖ್ಯೆಗೆ ಈ ಕೆಲಸವನ್ನು 136279839 ಸಲ ಮಾಡಬೇಕು. ಪ್ರತಿ ಸಲವೂ ಗುಣಿಸುವುದು ಕೋಟಿಗಟ್ಟಲೆ ಅಂಕಿಗಳ ಸಂಖ್ಯೆಗಳನ್ನು. ಇದನ್ನು ಮಾಡಿಸಿದವರು ಲ್ಯೂಕ್ ಡ್ಯುರಾಂಟ್ ಎಂಬ ಅಮೆರಿಕದ ಗಣಕತಜ್ಞರು. ಹಲವು ದೇಶಗಳಲ್ಲಿ ಬಾಡಿಗೆಗೆ ಹಿಡಿದ ಯಂತ್ರಗಳಿಗೆ ಕೆಲಸ ಹಂಚಿದ್ದರು. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್ನಿನ ಯಂತ್ರವೊಂದು ಇದು ಅವಿಭಾಜ್ಯವಾಗಿರುವ ಸಂಭವವಿದೆ ಎಂದಿತು. ಮರುದಿನ ಟೆಕ್ಸಾಸಿನ ಇನ್ನೊಂದು ಯಂತ್ರ ಈ ನಾಲ್ಕರಿಂದ ಹೊರಡುವ ಪರೀಕ್ಷೆಯನ್ನು ಪೂರ್ತಿ ಮಾಡಿ ಸೊನ್ನೆ ತಂದಿತು. ಬಹುಮಾನ ಮೂರು ಸಾವಿರ ಡಾಲರು. ಅದನ್ನು ತಾನು ಕಲಿತ ಶಾಲೆಗೆ ಕೊಡುವುದಾಗಿ ಅವರು ಹೇಳಿದರು. ಗೊತ್ತಿರುವ ಮೆರ್ಸೆನ್ ಅವಿಭಾಜ್ಯಗಳಲ್ಲಿ ಇದು ಐವತ್ತೆರಡನೆಯದು.

ಯಂತ್ರವಿಲ್ಲದೆ ಇದರ ಬಗ್ಗೆ ಏನನ್ನೂ ಹೇಳಲಾಗದು ಎಂದು ಮಾತ್ರ ತಿಳಿಯಬಾರದು. ಜಗಲಿಯಲ್ಲಿ ಕುಳಿತೇ ನಾವು ಇಷ್ಟನ್ನು ಕಂಡೆವು. ಎರಡರ ಗುಣಲಬ್ಧಗಳ ಕೊನೆಯ ಅಂಕಿ 2, 4, 8, 6 ಎಂದು ನಾಲ್ಕರ ಸುತ್ತಿನಲ್ಲಿ ತಿರುಗುತ್ತದೆ. 136279841ನ್ನು 4ರಿಂದ ಭಾಗಿಸಿದರೆ ಶೇಷ 1. ಆದುದರಿಂದ ಗುಣಲಬ್ಧ 2ರಲ್ಲಿ ಮುಗಿಯುತ್ತದೆ, ಒಂದು ಕಳೆದ ನಮ್ಮ ಸಂಖ್ಯೆ 1ರಲ್ಲಿ. ಇದೇ ಉಪಾಯದಿಂದ ಕೊನೆಯ ಎರಡು ಅಂಕಿ 51 ಎಂದೂ ತಿಳಿಯುತ್ತದೆ. ಇನ್ನು ಅಂಕಿಗಳನ್ನೆಲ್ಲ ಕೂಡಿಸಿ, ಬಂದುದರ ಅಂಕಿಗಳನ್ನು ಮತ್ತೆ ಕೂಡಿಸಿ, ಒಂದೇ ಅಂಕಿ ಉಳಿಯುವವರೆಗೆ ಹೀಗೆ ಮಾಡಿದರೆ? ಅದು ಒಂಬತ್ತರಿಂದ ಭಾಗಿಸಿದಾಗಿನ ಶೇಷದ ಮಾತು. ಎರಡರ ಗುಣಲಬ್ಧಗಳು ಅಲ್ಲಿ ಆರರ ಸುತ್ತಿನಲ್ಲಿ ತಿರುಗುತ್ತವೆ: 2, 4, 8, 7, 5, 1. 136279841ನ್ನು 6ರಿಂದ ಭಾಗಿಸಿದರೆ ಶೇಷ 5, ಐದನೆಯದು 5, ಒಂದು ಕಳೆದರೆ 4. ನಾಲ್ಕು ಕೋಟಿ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಅಂಕಿಗಳನ್ನು ಕೂಡಿಸಿ ಕೂಡಿಸಿ ಕೊನೆಗೆ ಉಳಿಯುವುದು ನಾಲ್ಕು. ಒಂದು ವರ್ಷ ಐದು ತಿಂಗಳು ಅಚ್ಚು ಹಾಕುವ ಕೆಲಸವಿಲ್ಲ!

ಇದರಿಂದ ಏನು ಪ್ರಯೋಜನ ಎಂದು ಅಧ್ಯಾಪಕರು ಕೇಳಿದರು. ನೂರಾರು ಅಂಕಿಗಳ ಅವಿಭಾಜ್ಯ ಸಂಖ್ಯೆಗಳಿಗೆ ನಿಜವಾಗಿ ಪ್ರಯೋಜನವಿದೆ. ಅಂಥ ಎರಡನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮರಳಿ ಒಡೆಯುವುದು ದುಸ್ಸಾಧ್ಯ ಎಂಬುದರ ಮೇಲೆ 1977ರಲ್ಲಿ ಕಟ್ಟಿದ ಗುಪ್ತಲಿಪಿಯ ಪದ್ಧತಿಯೊಂದು ಬ್ಯಾಂಕುಗಳ ವ್ಯವಹಾರವನ್ನು ಕಾಯಲು ಬಳಕೆಗೆ ಬಂತು. ನಾಲ್ಕು ಕೋಟಿ ಅಂಕಿಗಳದ್ದು ಅಂಥ ಯಾವ ಬೀಗಕ್ಕೂ ಬೇಕಾಗಿಲ್ಲ. ಅರಸನ ಹಾರದಿಂದಲೂ ಯಾರೂ ಜೋಳ ಅಳೆಯಲಿಲ್ಲ.

ಅಧ್ಯಾಪಕರಿಗೆ ನಾವು ಹೇಳಬೇಕೆಂದಿದ್ದ ಮಾತು ಇನ್ನೊಂದಿತ್ತು. ಹಾರವಾಗುವುದು ಬರೆಯುವ ರೀತಿಗೆ ಸೇರಿದ್ದು. ಐದು ಕಲ್ಲಿನ 11111 ನಮ್ಮ ಹತ್ತರ ಎಣಿಕೆಗೆ ಬಂದೊಡನೆ 31 ಆಗುತ್ತದೆ; ಹಾರವಿಲ್ಲ, ಮುತ್ತಿಲ್ಲ. 73 ನಮ್ಮ ಎಣಿಕೆಯಲ್ಲಿ ಹಾರವಲ್ಲ, ಎರಡರ ಎಣಿಕೆಯಲ್ಲಿ 1001001 ಎಂಬ ಹಾರ. ಆದರೆ ಒಡೆಯದಿರುವ ಗುಣ ಹೀಗೆ ಬದಲಾಗುವುದಿಲ್ಲ. ಮೂವತ್ತೇಳು ಕಾಳುಗಳನ್ನು ಸಮನಾದ ಸಾಲುಗಳಲ್ಲಿ ಜೋಡಿಸಲು ಬರುವುದಿಲ್ಲ, ಒಂದೇ ಸಾಲನ್ನು ಬಿಟ್ಟರೆ, ಒಂದೊಂದೇ ಕಾಳಿನ ಸಾಲುಗಳನ್ನು ಬಿಟ್ಟರೆ. ಅದನ್ನು ಮೂವತ್ತೇಳೆನ್ನಿ, ಸದತೀಸವೆನ್ನಿ, ಮುಪ್ಪತ್ತಿಯೇಳೆನ್ನಿ. ನಾವು ಇದನ್ನು ಮಾತಿನಲ್ಲಿ ಹೇಳುವ ಬದಲು ಅಜ್ಜಿಯ ಮುಂದಿದ್ದ ಮೊರದಿಂದ ತೊಗರಿ ಕಾಳು ತೆಗೆದುಕೊಂಡು ಹುಡುಗನಿಗೆ ಕೊಟ್ಟೆವು. ಆತ ಮೂರು ಮೂರಾಗಿ ಇಟ್ಟ, ಒಂದು ಉಳಿಯಿತು. ಐದೈದಾಗಿ ಇಟ್ಟ, ಎರಡು ಉಳಿದುವು. ಎಣಿಕೆ ತಪ್ಪಿದಾಗ ಅಜ್ಜಿಯ ಕಡೆ ನೋಡಿದ. ಅಜ್ಜಿ ಮಗನ ಕಡೆ ನೋಡಿದರು. ಅಧ್ಯಾಪಕರು ಏನೂ ಹೇಳಲಿಲ್ಲ, ಪಾಟಿಯನ್ನು ಒರೆಸುತ್ತಿದ್ದರು. “ಮೂವತ್ತೊಂದು, ಮೂವತ್ತೆರಡು,” ಎಂದು ಅಜ್ಜಿ ದನಿ ತೆಗೆದು ಎಣಿಸತೊಡಗಿದರು.

ಹೊರಡುವಾಗ ಹುಡುಗಿಗೆ ಹದಿಮೂರು ಕಲ್ಲಿನ ಹಾರವನ್ನು ಕೊಟ್ಟುಬಂದೆವು: 8191. ಹನ್ನೊಂದು ಸಲ ಮಾಡಬೇಕು. ಹದಿನೈದು ದಿನಗಳ ಮೇಲೆ ಉತ್ತರ ಬಂತು, ನೋಟುಪುಸ್ತಕದ ಒಂದು ಹಾಳೆ. ಅಂಕಿಗಳೆಲ್ಲ ದೇವನಾಗರಿಯಲ್ಲಿ, ಅಂಚಿನಲ್ಲಿ ಒಂದೆರಡು ಮಾತು ಕನ್ನಡದಲ್ಲಿ. ಕನ್ನಡ ಅಕ್ಷರ ಯಾರು ಕಲಿಸಿದರೋ ತಿಳಿಯದು. ಮೊದಲ ಸಲ ಮಾಡಿದಾಗ ಎಲ್ಲಿಯೋ ಶೇಷ ತಪ್ಪಿ ಸೊನ್ನೆ ಬರಲಿಲ್ಲವಂತೆ. ಅದನ್ನೆಲ್ಲ ಹೊಡೆದುಹಾಕಿ ಮತ್ತೆ ಬರೆದಿದ್ದಾಳೆ. 14, 194, 4870, 3953, 5970, 1857, 36, 1294, 3470, 128. ಹನ್ನೊಂದನೆಯ ಸಾಲಿನಲ್ಲಿ 128ನ್ನು 128ರಿಂದ ಗುಣಿಸಿ ಎರಡು ಕಳೆದು 16382 ಎಂದು ಬರೆದು, ಅದರ ಪಕ್ಕದಲ್ಲಿ 8191ನ್ನು ಎರಡು ಸಲ ಒಂದರ ಕೆಳಗೊಂದು ಬರೆದು ಕೂಡಿಸಿ, ಕೆಳಗೆ ಗೆರೆ ಎಳೆದಿದ್ದಾಳೆ. ಗೆರೆಯ ಕೆಳಗೆ ಸೊನ್ನೆ.